ಮಡಿಯಲ್ಲಿದ್ದ ಅಜ್ಜಿಯ ಕರಾಟೆ

ಅಡಾಪ್ಟರ್ ಬಿಸಿಯಾದ ವಾಸನೆ ಬಂದರೆ ಈಗಲೂ ನನಗೆ ವಾಡಿ ಊರಿನ ಆ ಚಳಿಗಾಲದ ರವಿವಾರ ನೆನಪಾಗುತ್ತದೆ. ತಣ್ಣನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಕುಂತು ನಾನು, ಅಣ್ಣ ಟಿವಿಗೆ ಜೋಡಿಸಿದ ವಿಡಿಯೊ ಗೇಮಿನಲ್ಲಿ ಕರಾಟೆ ಆಡುತ್ತಿದ್ದೆವು. ಅಣ್ಣನ ಆಳು ಹಾರಿ ಹಾರಿ ಒದೆಯುತ್ತಿದ್ದ. ನಾನು ಆರು ಸಲ ಸೋತಿದ್ದೆ.

ಅಜ್ಜಿ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸ್ನಾನ ಮಾಡಿ ಮಡಿಯಲ್ಲಿದ್ದಳು, ನಮ್ಮನ್ನಾಗಲಿ ಗೇಮಿನ ರಿಮೋಟನ್ನಾಗಲಿ ಮುಟ್ಟುವಂತಿರಲಿಲ್ಲ.

"ಅವಾ ಹಾರೋದು ಛಂದ ಅದ. ಆದ್ರ ಇಳಿಯೋ ಮುಂದ ಅವಂಗ ಏನೂ ಮಾಡ್ಲಿಕ್ಕೆ ಬರಂಗಿಲ್ಲ. ನಿನ್ನ ಆಳಿಗೆ ಕುಂದ್ರಿಸಿ ಕಾಲಿಗೆ ಒದಿ," ಅಂದಳು.

ಹಾಗೇ ಮಾಡಿದೆ. ಅಣ್ಣನ ಆಳು ಬಿದ್ದ. ಎದ್ದು ಹಾರಿದ, ಮತ್ತೆ ಬಿದ್ದ.

"ಇದು ಗೇಮಿನಾಗಿನ ತಪ್ಪು. ಒಂದೇ ಬಟನ್ ಒತ್ತಿ ಗೆಲ್ಲೋದು ಆಟ ಅಲ್ಲ," ಅಂತ ಅಣ್ಣ ಸಿಟ್ಟಾದ.

ಕೊನೆಯ ಸುತ್ತಿನಲ್ಲಿ ನನ್ನ ಕೈ ತಡವಾಯಿತು. "ಈಗ ಒತ್ತು, ಈಗ," ಅನ್ನುತ್ತಲೇ ಅಜ್ಜಿ ಬಂದು ರಿಮೋಟ್ ಕಸಿದುಕೊಂಡು ತಾನೇ ಒತ್ತಿ ಗೆದ್ದಳು. ಆಮೇಲೆ ಕೈಯಲ್ಲಿದ್ದುದನ್ನು ನೋಡಿ, ಅದನ್ನು ಕೆಳಗಿಟ್ಟು, ಬಚ್ಚಲಿಗೆ ಹೋದಳು.

"ಇಂಥಾ ಥಂಡ್ಯಾಗ ಮತ್ತ್ಯಾಕ ಸ್ನಾನ ಮಾಡಿದ್ರಿ?" ಅಮ್ಮ ಕೇಳಿದಳು.

"ಭಾಳ ಸೆಕಿ ಆಗ್ಲಿಕತ್ತಿತ್ತು," ಅಂದಳು ಅಜ್ಜಿ.

ಮುಂದಿನ ರವಿವಾರ ಅಜ್ಜಿ ಸ್ನಾನಕ್ಕೆ ಹೋಗುವ ಮೊದಲೇ ಬಂದು ಅಣ್ಣನ ಪಕ್ಕ ಕುಂತು ರಿಮೋಟಿಗೆ ಕೈ ಚಾಚಿದಳು.