ಮುಟ್ಟಿದ ಕಲ್ಲು

"ಇಲ್ಲಿಗೆ ಬಂದ ಮೇಲೆ ಈತ ಪರರ ವಸ್ತುವನ್ನು ಮುಟ್ಟಿಲ್ಲ. ಆದುದರಿಂದ ಮಂಡಲಿಯು ಪೆರೋಲ್ ಮಂಜೂರು ಮಾಡಿ..." ಎಂದು ಲೊರೆಟ್ಟಾ ಫ್ರೀಸೆನ್ ತೀರ್ಪು ಓದುತ್ತಿರುವಾಗಲೇ ಕೈದಿ ಓರೆಸ್ಟ್ ದ್ರಾಬಿಕ್ ಮೆಲ್ಲಗೆ ಕೈಯೆತ್ತಿದ.

"ಕ್ಷಮಿಸಿ ಮೇಡಂ. ನನ್ನ ಪೊರಕೆ ತಾಗಿದೆ."

ಫ್ರೀಸೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರೂ ಸಸ್ಕಾಚೆವಾನ್ ಬಯಲಿನ ಹೆಂಗಸು, ಬಿಡಿಸಿ ಹೇಳಬೇಕಾದ್ದಿರಲಿಲ್ಲ. ಅರ್ಧ ವರ್ಷ ಬಿಳಿಯಾಗಿಯೇ ಉಳಿಯುವ ಆ ಸೀಮೆಯಲ್ಲಿ ಜನ ಹಿಮಗಟ್ಟಿದ ನೆಲದ ಮೇಲೆ ನುಣುಪುಗಲ್ಲನ್ನು ಜಾರಿಬಿಟ್ಟು, ಅದರ ಮುಂದೆ ಮುಂದೆ ಪೊರಕೆಯಿಂದ ಗುಡಿಸುತ್ತ, ಗುರಿಯತ್ತ ನಡೆಸುವ ಕರ್ಲಿಂಗ್ ಆಡುತ್ತಾರೆ. ಓಡುವ ಕಲ್ಲಿಗೆ ಪೊರಕೆ ತಾಗಿದರೆ ತಾಗಿಸಿದವನೇ ಬಾಯಿಬಿಟ್ಟು ಹೇಳಬೇಕು. ಆ ಕಲ್ಲನ್ನು ಇರಗೊಡಬೇಕೋ ತೆಗೆಯಬೇಕೋ ಎಂಬುದು ಎದುರು ತಂಡದ ನಾಯಕನ ಮರ್ಜಿ. ಹೇಳದೆ ಉಳಿದವನ ವಿಷಯವನ್ನು ಅವನ ಶವಸಂಸ್ಕಾರದ ದಿನವೂ ಜನ ಪಿಸುಗುಡುತ್ತಾರೆ.

"ಏನು ತಾಗಿದ್ದು?"

"ಅಡುಗೆಮನೆಯ ಐಸ್‌ಕ್ರೀಮ್ ಬಕೆಟ್ಟು. ಖಾಲಿಯಾದವು, ನಿಜ. ಆದ್ರೆ ಕೇಳ್ದೆ ತಗೊಂಡೆ. ನೀರು ತುಂಬಿ ಹೊರಗಿಟ್ರೆ ಬೆಳಗಾಗೋದ್ರೊಳಗೆ ಕಲ್ಲು. ಹಿಡಿಕೆ ಬೇರೆ ಇರುತ್ತೆ. ಜೈಲಿನ ದನದ ಕೊಟ್ಟಿಗೆ ಹಿಂದೆ ಆಡ್ತೀವಿ."

ನೆಗಡಿಯಿಂದ ಬಳಲುತ್ತ, ಬೆಳಗಿನಿಂದ ತಲೆಯಾಡಿಸುವುದನ್ನಷ್ಟೇ ಮಾಡಿದ್ದ ಮಂಡಲಿಯ ಇನ್ನೊಬ್ಬ ಸದಸ್ಯರು ಕರವಸ್ತ್ರದೊಳಗೇ ನಕ್ಕರು.

"ದ್ರಾಬಿಕ್ ಅವರೇ, ನಿಮ್ಮ ಬಾಯೇ ನಿಮಗೆ ಶತ್ರು," ಎಂದರು ಫ್ರೀಸೆನ್. "ಮೂರು ಊರಿನ ಆಟದ ಕಲ್ಲು ಕದ್ದಿದ್ದಕ್ಕೆ ನ್ಯಾಯಾಧೀಶರು ಎರಡು ವರ್ಷಕ್ಕೆ ಒಂದೇ ಒಂದು ದಿನ ಕಮ್ಮಿ ಕೊಟ್ಟಿದ್ರು. ಪ್ರಾಂತ್ಯದ ಜೈಲಲ್ಲಿ, ಮನೆ ಹತ್ರಾನೇ ಇರ್ತಿದ್ರಿ. ನೀವು ಎದ್ದು ನಿಂತು, ನಾಲ್ಕನೇ ಊರು ಬಿಟ್ಟೋಗಿದೆ ಅಂದ್ರಿ. ಅವರು ಆ ಒಂದು ದಿನಾನೂ ಸೇರಿಸಿದ್ರು. ಶಿಕ್ಷೆ ಪೂರ್ತಿ ಎರಡು ವರ್ಷ ಆದ್ಮೇಲೆ ಇನ್ನೇನು, ಕೇಂದ್ರ ಸರ್ಕಾರದ ಕೈದಿಯಾಗಿ ಇಷ್ಟು ದೂರ ಬಂದು ಬಿದ್ರಿ."

"ಎಲ್ಲಕ್ಕಿಂತ ಒಳ್ಳೇ ಕಲ್ಲು ಆ ಊರಿನವರದೇ ಮೇಡಂ. ಅವರನ್ನ ಬಿಟ್ರೆ ಊರಿಗೆ ಅವಮಾನ ಅಲ್ವಾ?"

ಕಿಟಕಿಯಾಚೆ, ಬೇಲಿಯೇ ಇಲ್ಲದ ಆ ಬಂದೀಖಾನೆಯ ಅಂಗಳದಲ್ಲಿ, ಅವನ ಹೆಂಡತಿ ಡಾರ್ಕಾ ಕಾರಿನ ಎಂಜಿನ್ ಆರಿಸದೆ ಕಾಯುತ್ತಿದ್ದಳು. ಹೊಗೆ ಮೇಲೇರಲಾರದೆ, ನೆಲಕ್ಕೆ ಇಳಿಯಲೂ ಮನಸ್ಸಿಲ್ಲದೆ, ಕಾರಿನ ಹಿಂದೆಯೇ ನಿಂತುಬಿಟ್ಟಿತ್ತು. ಇಂದು ಆಗದಿದ್ದರೆ ಓರೆಸ್ಟ್ ಮನೆ ಸೇರುವುದು ಗೋಧಿಯ ಕಟಾವಿನ ಹೊತ್ತಿಗೇ.

"ಇದನ್ನ ದಾಖಲೆಗೆ ತಗೊಂಡ್ರೆ ಪೆರೋಲ್ ಬಿದ್ದು ಹೋಗುತ್ತೆ. ಗೊತ್ತು ತಾನೆ?"

"ಗೊತ್ತು. ಎದುರು ನಾಯಕರು ಹೇಗೆ ಹೇಳ್ತಾರೋ ಹಾಗೆ."

"ಇಲ್ಲಿ ಎದುರು ನಾಯಕರು ಅಂದ್ರೆ ಯಾರಪ್ಪಾ?"

"ಬಕೆಟ್ಟು ಯಾರದೋ ಅವರು."

ಅಡುಗೆಮನೆಯ ಮುಖ್ಯಸ್ಥ ವರ್ನ್ ಸಿಂಕ್ಲೇರನನ್ನು ಕರೆಸಲಾಯಿತು. ಮೊಣಕೈಯವರೆಗೆ ಹಿಟ್ಟು ಮೆತ್ತಿಕೊಂಡೇ ಬಂದ ಆತ ವಿಷಯ ಕೇಳಿ ಕಿಂಚಿತ್ತೂ ಬೆರಗಾಗಲಿಲ್ಲ.

"ನಂಗೊತ್ತಿಲ್ವಾ ಮೇಡಂ? ಅಡುಗೆಮನೆ ತಂಡಕ್ಕೆ ನಾನೇ ನಾಯಕ. ಈ ಕೊಟ್ಟಿಗೆ ತಂಡದವನ ಕೈಲಿ ಚಳಿಗಾಲ ಪೂರ್ತಿ ಸೋತಿದೀನಿ, ಅದೂ ನನ್ನ ಬಕೆಟ್ಟಲ್ಲೇ. ಕಲ್ಲು ಹಾಗೇ ಇರ್ಲಿ. ಇವನನ್ನ ಬಿಟ್ಬಿಡಿ. ಇವತ್ತೇ ಬಿಟ್ಬಿಡಿ. ಬೇಕಾದ್ರೆ ಬಟ್ಟೆ ಗಂಟು ನಾನೇ ಕಟ್ಟಿಕೊಡ್ತೀನಿ."

"ಯಾಕಿಷ್ಟು ಅವಸರ?"

"ಶನಿವಾರ ಫೈನಲ್ಲು."

ಓರೆಸ್ಟನ ಮುಖದಲ್ಲಿ ಆಗಷ್ಟೇ ಮೂಡುತ್ತಿದ್ದ ಬೆಳಕು ಅಲ್ಲಿಯೇ ತಡವರಿಸಿತು. "ನಾನಿಲ್ದೆ ಕೊನೇ ಕಲ್ಲು ಯಾರು ಬಿಡ್ತಾರೆ?"

"ನಿನ್ನ ಪಕ್ಕದ ಮಂಚದ ಪೀಟ್."

"ಪೀಟಾ? ಬ್ಯಾಂಕ್ ದೋಚಿ ಓಡೋವಾಗ ಪೊಲೀಸ್ ಕಾರು ಹತ್ತಿ ಕೂತವನಯ್ಯಾ ಅವನು. ಅವನಿಗೆಲ್ಲಿಯ ಗುರಿ?"

"ಅದಕ್ಕೇ ಹೇಳ್ತಿರೋದು, ಇವತ್ತೇ ಹೊರಡು ಅಂತ."

ಫ್ರೀಸೆನ್ ಲೇಖನಿಯ ಮುಚ್ಚಳ ತೆಗೆದರು. ಓರೆಸ್ಟ್ ಒಮ್ಮೆ ಕಿಟಕಿಯತ್ತ, ಒಮ್ಮೆ ಕೊಟ್ಟಿಗೆಯ ದಿಕ್ಕಿನತ್ತ ನೋಡಿದ. ಎರಡು ಪ್ರೀತಿಗಳ ನಡುವೆ ಸಿಕ್ಕಿದ ಮನುಷ್ಯ ಹೇಗೆ ಮುದುಡಿಕೊಳ್ಳುತ್ತಾನೆಂಬುದನ್ನು ಅವನ ಭುಜಗಳು ಹೇಳುತ್ತಿದ್ದವು. ಕೊನೆಗೆ ಅವನ ಕೈ ಮತ್ತೆ ಎದ್ದಿತು, ಈ ಬಾರಿ ಕಿವಿಯ ಮಟ್ಟಕ್ಕಷ್ಟೇ.

"ಮೇಡಂ, ಇನ್ನೊಂದಿದೆ. ಚಮಚ. ಚಮಚಾನೂ ಕದ್ದಿದೀನಿ. ತುಂಬಾ. ಚಿಕ್ಕ ತಪ್ಪೇನಲ್ಲ ಅದು. ನೀವು ಕೂತು ಯೋಚನೆ ಮಾಡ್ಬೇಕಾಗುತ್ತೆ. ಸೋಮವಾರದ ತನಕ ಆದ್ರೂ ತಗೊಳ್ಳಿ, ನಾನೇನೂ ಬೇಜಾರು ಮಾಡ್ಕೊಳಲ್ಲ."

"ಒಂದು ಚಮಚಾನೂ ಕಮ್ಮಿ ಇಲ್ಲ," ಎಂದ ವರ್ನ್.

ಓರೆಸ್ಟನ ಕಿವಿಗಳು ಬೀಟ್‌ರೂಟಿನಂತೆ ಕೆಂಪಾದವು. ಫ್ರೀಸೆನ್ ಅವನನ್ನೇ ಬಹಳ ಹೊತ್ತು ನೋಡಿದರು. ಪಕ್ಕದ ಸದಸ್ಯರತ್ತ ತಿರುಗಿದರು. ಅವರು ಎಂದಿನಂತೆ ತಲೆಯಾಡಿಸಿದರು. ಆಮೇಲೆ ಫ್ರೀಸೆನ್ ಸಹಿ ಹಾಕಿ, ಕಾಗದವನ್ನು ಮೇಜಿನಾಚೆಗೆ ಜಾರಿಸಿದರು.

"ಒಂದು ಸುಳ್ಳು ಹೇಳೋಕೂ ಬರದ ಮನುಷ್ಯ ಹೊರಗೆ ಹೇಗೆ ಬದುಕ್ತಾನೋ ಅನ್ನೋದೊಂದೇ ನಮಗಿದ್ದ ಅನುಮಾನ, ದ್ರಾಬಿಕ್ ಅವರೇ. ಅದೂ ತೀರಿತು. ಹೊರಡಿ."