ಬೀಗದ ದೇವರು

“ಇವತ್ತು ಇನ್ನೊಬ್ಬ ದೇವರು ಹುಟ್ಟಿದ, ಭಾವ,” ಎಂದಳು ನಾದಿನಿ, ಕೋಣೆಯ ಬಾಗಿಲು ಮುಚ್ಚುತ್ತ.

ಮ್ಯಾನೇಜರು ಪೆನ್ನು ಕೆಳಗಿಟ್ಟರು. “ಯಾವ ದೇವರು?”

“ಬೀಗದ ದೇವರು. ಹೊಟ್ಟೆ ದೊಡ್ಡದು, ಕಿವಿ ಚಿಕ್ಕದು. ಬಾಗಿಲಿಗೆ ಅಡ್ಡ ಕೂತಿರ್ತಾನೆ. ಎಷ್ಟು ಬಡಕೊಂಡ್ರೂ ಕೇಳಿಸಲ್ಲ.”

ಮ್ಯಾನೇಜರು ತಮಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಂಡರು. ಇವನು ಯಾರೆಂದು ಬಿಡಿಸಿ ಬೇರೆ ಹೇಳಬೇಕೇ?

ಅದು ಸಿದ್ಧ ಉಡುಪಿನ ಕಾರ್ಖಾನೆ. ಹೊಲಿಗೆ ವಿಭಾಗದ ಐವರು ಊಟದ ಬಿಡುವಿನಲ್ಲಿ ಮೂಲೆಯ ಮೇಜಿಗೆ ಸೇರಿ ಹೊಸದೊಂದು ಆಟ ಹಚ್ಚಿಕೊಂಡಿದ್ದರು. ಒಬ್ಬ ಕಳ್ಳನಾಗಿ, ಒಬ್ಬಳು ಮಾಟಗಾತಿಯಾಗಿ, ದಾಳ ಉರುಳಿಸುತ್ತ ಇಲ್ಲದ ಲೋಕವೊಂದರಲ್ಲಿ ಅಲೆಯುವ ಆಟವಂತೆ. ಆ ಲೋಕಕ್ಕೆ ಮೊದಲು ದೇವರುಗಳು ಬೇಕಂತೆ. ಆಯ್ತಪ್ಪ, ಒಂದೆರಡು ಮಾಡಿಕೊಳ್ಳಲಿ. ಆದರೆ ಇವರು ವಾರಗಟ್ಟಲೆ ಬರೀ ದೇವರುಗಳನ್ನೇ ಮಾಡುತ್ತಿದ್ದರು. ದಾಳ ಒಮ್ಮೆಯೂ ಉರುಳಿರಲಿಲ್ಲ. ಇದೆಂಥ ಆಟ?

ಮ್ಯಾನೇಜರ ಅನುಮಾನಕ್ಕೆ ಕಾರಣವೂ ಇತ್ತು. ಈಚೆಗೆ ಹೊಲಿಗೆ ವಿಭಾಗದಲ್ಲಿ ಮೋಟಾರೊಂದು ಸುಟ್ಟು ಹೊಗೆ ತುಂಬಿಕೊಂಡಾಗ ಎಲ್ಲರೂ ಮುಂಬಾಗಿಲಿಗೇ ನುಗ್ಗಿದ್ದರು. ನೂಕುನುಗ್ಗಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಕೈ ಮುರಿಯಿತು. ಹಿಂಬಾಗಿಲಿಗೆ ಬೀಗ. ಆ ವಿಭಾಗದ್ದಷ್ಟೇ ಅಲ್ಲ, ಎಲ್ಲ ವಿಭಾಗಗಳ ಹಿಂಬಾಗಿಲಿಗೂ ಬೀಗ. ತೆಗೆದರೆ ಬಟ್ಟೆ ಕಳವಾಗುತ್ತದೆ ಎಂಬುದು ಮ್ಯಾನೇಜರ ವಾದ. ತೆಗೆಯದಿದ್ದರೆ ನಾವೇ ಸುಟ್ಟು ಕರಕಲಾಗುತ್ತೇವೆ ಎಂಬುದು ಕೆಲಸದವರ ಗುಸುಗುಸು.

“ಕಾರ್ಮಿಕರ ಸಮಿತಿ ಏನಾದ್ರೂ ಎದ್ದರೆ ನಿನ್ನ ಕುರ್ಚಿ ಹೋಯ್ತು ಅಂತ ತಿಳ್ಕೋ,” ಎಂದು ಮಾಲೀಕರು ಫೋನಿನಲ್ಲೇ ಗದರಿದ್ದರು.

ಸಮಿತಿ ಏಳುವುದು ಹಾಗೇನೂ ಸುಲಭವಲ್ಲ ಬಿಡಿ. ಕಾರ್ಖಾನೆಯ ನಿಯಮದಂತೆ ಆರೂ ವಿಭಾಗಗಳಿಂದ ತಲಾ ಒಬ್ಬರು ಬಂದು ನಿಂತರೆ ಮಾತ್ರ ಅದು ಸಮಿತಿ, ಅದರ ಮಾತು ಕೇಳಲೇಬೇಕು. ಆದರೆ ವಿಭಾಗಕ್ಕೊಂದು ಗೇಟು, ವಿಭಾಗಕ್ಕೊಂದು ಊಟದ ಹೊತ್ತು. ಇವರ ಮುಖ ಅವರು ನೋಡುವ ಹಾಗಿರಲಿಲ್ಲ. ಮ್ಯಾನೇಜರು ತಾವೇ ಯೋಚಿಸಿ ಮಾಡಿದ ಏರ್ಪಾಡು ಅದು.

ಆದರೂ ಒಂದು ಕಣ್ಣಿರಲಿ ಎಂದು ನಾದಿನಿಗೆ ಹೇಳಿಟ್ಟಿದ್ದರು. ಹೆಂಡತಿಯ ತಂಗಿ, ಮನೆ ಮಗಳಿದ್ದ ಹಾಗೆ. ಹೊಲಿಗೆ ವಿಭಾಗದಲ್ಲಿ ಬಟ್ಟೆ ಪರೀಕ್ಷಿಸುವ ಅವಳ ಮೇಜು ಆ ಮೂಲೆಯ ಪಕ್ಕದಲ್ಲೇ ಇತ್ತು. “ನೀವು ಹೇಳಿದ ಮೇಲೆ ಮುಗೀತಲ್ಲ, ಭಾವ,” ಎಂದಿದ್ದಳು.

ಅಂದಿನಿಂದ ಅವಳು ತಂದ ದೇವರುಗಳನ್ನು ಮ್ಯಾನೇಜರು ಒಂದೊಂದಾಗಿ ಬಿಡಿಸಿದ್ದರು. ಸೂಜಿದೇವಿ ಎಂದರೆ ಐವರಲ್ಲಿನ ಆ ಬಾಯಿಬಡುಕಿ. ಕತ್ತಲಲ್ಲಿ ದಾರಿ ತೋರಿಸುವ ದೇವರು ಎಂದರೆ ಗುಂಗುರು ಕೂದಲಿನವನು. ಮುಖಂಡ ಅವನೇ, ಸಂಶಯವೇ ಇಲ್ಲ. ಎಲ್ಲರೂ ಅವನನ್ನು ಗುಂಗುರು ಎಂದೇ ಕರೆಯುತ್ತಿದ್ದರು.

“ಮೊನ್ನೆ ಹೇಳಿದ್ದೆಯಲ್ಲ, ಆ ಗಾಳಿದೇವಿ ಏನಾದಳು?” ಎಂದು ಮ್ಯಾನೇಜರು ಈಗ ಕೇಳಿದರು.

“ಬೀಗದ ದೇವರು ಅವಳನ್ನ ಕೂಡಿಹಾಕಿದ್ದಾನೆ. ಅವಳು ಬಗ್ತಾಳಾ? ಉಸಿರು ನಂದು ಕಣೋ, ನಿಮ್ಮಪ್ಪನ ಮನೇದಲ್ಲ ಅಂತಾಳೆ!”

“ಮೆತ್ತಗೆ ಹೇಳಮ್ಮ. ಅವರಂದಿದ್ದಕ್ಕೆ ನೀನ್ಯಾಕೆ ಕೂಗಾಡ್ತೀಯ?”

ನಾದಿನಿ ತಲೆ ತಗ್ಗಿಸಿದಳು. “ಅವರು ಹೇಳಿದ ಹಾಗೇ ಹೇಳಿದೆ ಅಷ್ಟೇ.”

“ಇವರನ್ನ ಮಟ್ಟ ಹಾಕೋದು ಹೇಗೆ? ಆರ್ಡರ್ ಮುಗಿಯೋ ತನಕ ಒಬ್ಬರನ್ನೂ ಕೆಲಸದಿಂದ ತೆಗೆಯೋ ಹಾಗಿಲ್ಲ.”

“ನಂಗೇನು ತಿಳಿಯುತ್ತೆ, ಭಾವ?” ಅವಳು ಬಟ್ಟೆಗಂಟಿದ್ದ ದಾರದ ಎಳೆಯೊಂದನ್ನು ಕಿತ್ತಳು. “ಅವರ ಲೋಕದಲ್ಲಂತೂ ಒಂದು ಕಟ್ಟಳೆ ಇದೆ. ದೇವರುಗಳು ಒಂದೇ ಗುಡಿಯಲ್ಲಿದ್ರೆ ಬಲ. ಬೇರೆ ಬೇರೆ ಗುಡಿಗೆ ಹಾಕಿದ್ರೆ ಬರೀ ಕಲ್ಲು.”

“ಭೇಷ್!” ಮ್ಯಾನೇಜರು ಮೇಜು ಗುದ್ದಿದರು. ನಾದಿನಿಗಿರುವ ಬುದ್ಧಿ ತಮ್ಮ ಮಗನಿಗಿದ್ದಿದ್ದರೆ ಎಂದುಕೊಂಡರು.

ಮರುದಿನವೇ ಗುಂಗುರು ಗೋದಾಮಿಗೆ ಹೋದ. ಬಾಯಿಬಡುಕಿ ಇಸ್ತ್ರಿಗೆ. ಉಳಿದ ಮೂವರು ಕಟಿಂಗಿಗೆ, ಗುಂಡಿ ಹಾಕುವಲ್ಲಿಗೆ, ಪ್ಯಾಕಿಂಗಿಗೆ. ಐವರೂ ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಮ್ಯಾನೇಜರು ಮಾಲೀಕರಿಗೆ ಫೋನು ಮಾಡಿ, ಇನ್ನು ನೆಮ್ಮದಿಯಾಗಿರಿ ಎಂದರು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಬಾಗಿಲು ತಟ್ಟದೆಯೇ ಐವರೂ ಕೋಣೆಯೊಳಗೆ ಬಂದರು.

“ಏನಿದು, ಸಂತೆಯೇನ್ರೋ?”

“ಸಮಿತಿ, ಸಾರ್,” ಎಂದ ಗುಂಗುರು. “ನಾನು ಗೋದಾಮಿನವನು. ಇವಳು ಇಸ್ತ್ರಿ. ಇವರು ಕಟಿಂಗ್, ಗುಂಡಿ, ಪ್ಯಾಕಿಂಗ್. ಹೋದ ಕಡೆಯೆಲ್ಲ ಬೀಗದ ದೇವರ ಕಥೆ ಹೇಳಿದ್ವಿ. ಮೊದಮೊದಲು ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನಮ್ಮನ್ನೇ ಆರಿಸಿ ಕಳಿಸಿದ್ದಾರೆ. ಹಿಂಬಾಗಿಲು ತೆಗೀಬೇಕು.”

ಮ್ಯಾನೇಜರಿಗೆ ಆಗ ಹೊಳೆಯಿತು. ಒಂದು ಮೂಲೆಯಲ್ಲಿ ಬಿದ್ದಿದ್ದವರನ್ನು ವಿಭಾಗಕ್ಕೊಬ್ಬರಂತೆ ತಾವೇ ಹಂಚಿಬಿಟ್ಟಿದ್ದರು! ಛೇ, ಎಂಥ ಕೆಲಸವಾಯಿತು. ಕಣ್ಣಲ್ಲೇ ಐವರನ್ನೂ ಎಣಿಸಿದರು. ಮತ್ತೆ ಎಣಿಸಿದರು. ಮುಖಕ್ಕೆ ಕಳೆ ಬಂತು.

“ಆರು ಜನ ಬೇಕಪ್ಪ, ಆರು!” ಎಂದು ಗಹಗಹಿಸಿ ನಕ್ಕರು. “ಹೊಲಿಗೆಯಿಂದ ಯಾರಿದ್ದೀರಿ? ಅಲ್ಲಿದ್ದ ನಿಮ್ಮವರನ್ನೆಲ್ಲ ನಾನೇ ಗುಡಿಸಿ ಹಾಕಿದ್ದೀನಲ್ಲ!”

ಐವರೂ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

“ಹೊಲಿಗೆಯಿಂದ ನಾನಿದ್ದೀನಲ್ಲ, ಭಾವ,” ಎನ್ನುತ್ತ ನಾದಿನಿ ಒಳಗೆ ಬಂದು ಅಂಗೈ ಚಾಚಿದಳು. “ಆ ದೇವರುಗಳನ್ನೆಲ್ಲ ಹುಟ್ಟಿಸಿದವಳೂ ನಾನೇ. ತನ್ನಿ, ಬೀಗದ ಕೈ ಕೊಡಿ.”