ಮೀನಿನ ಚೀಲಕ್ಕೆ ಊದಿದ ಉಸಿರು

ಮೀನಿನ ಚೀಲಕ್ಕೆ ಬಾಯಿಂದ ಗಾಳಿ ಊದಿದ ಜಗತ್ತಿನ ಏಕೈಕ ಜಾಣ ನಾನೇ ಇರಬೇಕು. ಈಗಲೂ ಥರ್ಮಾಕೋಲ್ ಸುಟ್ಟ ವಾಸನೆ ಬಂದರೆ ಅಫಜಲಪುರದ ಆ ಮಧ್ಯಾಹ್ನ ಮೂಗಿಗೆ ಅಡರುತ್ತದೆ.

ಹೊಸ ಟಿವಿಯ ಜೊತೆ ಬಂದಿದ್ದ ಥರ್ಮಾಕೋಲನ್ನು ಅಪ್ಪನ ತಮ್ಮ, ನಮ್ಮ ಕಾಕಾ, ಕಾದ ಚಾಕುವಿನಿಂದ ಕೊಯ್ದು, ಸಾಬೂನಿನ ರಟ್ಟಿನ ಪೆಟ್ಟಿಗೆಯೊಳಗೆ ಸುತ್ತಲೂ ಹೊಂದಿಸಿದ್ದ. ಬಿಸಿಲು ಒಳಗೆ ಇಳಿಯಬಾರದು. ಅವನು ಸಾಕಿದ ಬಣ್ಣದ ಮೀನುಗಳು ಮೊದಲ ಸಲ ಸೊಲ್ಲಾಪುರದ ಅಂಗಡಿಗೆ ಹೊರಟಿದ್ದವು. ನಮ್ಮಜ್ಜಿ ಆಯಿ ಬೆಳಿಗ್ಗೆಯೇ ಗುಡುಗಿದ್ದಳು: "ನಮ್ಮ ಮನ್ಯಾಗ ಒಂದ ಮೀನ ಸತ್ರೂ ನಿನ್ನ ಗಾಜಿನ ತೊಟ್ಟಿ ಎಲ್ಲಾ ತಿಪ್ಪಿಗೆ!"

ನೀರು, ಮೀನು ತುಂಬಿದ ಪ್ಲಾಸ್ಟಿಕ್ ಚೀಲಗಳಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬುವ ಕೆಲಸ ನನ್ನದು. ನಾನೋ ಸನಾದಿ ಊದುವವನಂತೆ ಕೆನ್ನೆ ಉಬ್ಬಿಸಿ, ಬಾಯಿಂದಲೇ ಊದಿ ಎಲ್ಲರನ್ನೂ ನಗಿಸಿದೆ. ಸೊಲ್ಲಾಪುರದ ಬಸ್ಸು ಮನೆ ಮುಂದೆ ನಿಲ್ಲುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಊರನ್ನೆಲ್ಲ ಅಣಕಿಸುವ ನನಗೆ ಅವನ್ನು ಅಣಕಿಸಲಾಗಲಿಲ್ಲ.

"ಲೇ, ಪಂಪ್ ಹೊಡದೀಯೋ, ಬಾಯಿಲೆ ಊದೀಯೋ?"

"ಬಾಯಿಲೆ, ಕಾಕಾ..."

"ನಾವು ಬಿಟ್ಟ ಉಸರಿನ್ಯಾಗ ಅವು ಹೆಂಗ ಬದಕ್ತಾವಲೇ!" ಕಾಕಾ ಚೀಲ ಬಿಚ್ಚಿ ನನ್ನ ಉಸಿರನ್ನೆಲ್ಲ ಹಿಂಡಿ ತೆಗೆದ. ಕಂಡಕ್ಟರ್ ಸೀಟಿ ಊದಿದ. ಕಾಕಾ ಪಂಪನ್ನು ನನ್ನ ಕೈಗೆ ತುರುಕಿದ. ಬೈಯಲು ಬಂದ ಆಯಿ ಮೀನುಗಳನ್ನು ನೋಡಿದಳು. ಕೂತು ಚೀಲದ ಬಾಯಿ ಬಿಗಿಹಿಡಿದಳು. ನಾನು ಪಂಪ್ ಒತ್ತಿದೆ. ಮೀನುಗಳು ಒಂದೊಂದಾಗಿ ಕೆಳಗಿಳಿದವು.

ಕಂಡಕ್ಟರ್ ಇಣುಕಿ ನಕ್ಕ: "ಏನಬೇ ಆಯಿ, ಲಿಂಗಾ ಕಟ್ಟಿದವರ ಮನ್ಯಾಗಿಂದ ಮೀನಾ?"

ಆಯಿ ತನ್ನ ಹಾಸಿಗೆಯ ಕೌದಿ ತಂದು ಪೆಟ್ಟಿಗೆಗೆ ಸುತ್ತಿದಳು.

"ತಿನ್ನಾಕ ಅಲ್ಲೋ ತಮ್ಮಾ, ಬದಕಾಕ ಹೊಂಟಾವ. ನೆಳ್ಳಾಗ ಇಡು."